ಹುರುಳಿಯ ಮೇಲೆ ತೇಲಿದ ಕಾರು

ಧಾರವಾಡದಲ್ಲಿ ಎಂ.ಎ. ಮುಗಿಸಿ ನಾನು ಊರಿಗೆ ಮರಳಿದ್ದು ೧೯೯೭ರಲ್ಲಿ, ಕೊಪ್ಪಳ ಜಿಲ್ಲೆಯಾದ ವರ್ಷ. ಬಸ್ ನಿಲ್ದಾಣದ ಹೊರಗೆ ಟ್ರಂಕು ಪಕ್ಕಕ್ಕಿಟ್ಟುಕೊಂಡು ನಿಂತಿದ್ದಾಗ ಉದ್ದನೆಯ ಬೆಳ್ಳಿ ಬಣ್ಣದ ಕಾರೊಂದು ಗಾಜು ಏರಿಸಿಕೊಂಡು ಹೊಸಪೇಟೆಯ ಕಡೆಗೆ ಹೋಯಿತು. ಒಳಗಿದ್ದ ಹೆಂಗಸು ಏನೋ ಹೇಳಿ ನಗುತ್ತಿದ್ದಳು. ಅವಳ ನಗು ನನಗೆ ಕಂಡಿತು, ಕೇಳಲಿಲ್ಲ. ಸುತ್ತ ಬಸ್ಸಿನ ಹಾರ್ನು, ಮಿರ್ಚಿ ಕರಿಯುವ ಎಣ್ಣೆಯ ಸದ್ದು, ಕಂಡಕ್ಟರುಗಳ ಕೂಗು. ಆ ಕಾರಿನೊಳಗೆ ಮಾತ್ರ ಬೇರೆಯೇ ಒಂದು ಮಧ್ಯಾಹ್ನ ನಡೆಯುತ್ತಿದ್ದಂತಿತ್ತು.

ಹೀಗೆ ಬರೆಯುವಾಗಲೇ ನನಗೆ ಅನುಮಾನ. ಅಂದು ನಮ್ಮ ರಸ್ತೆಗೆ ಅಂಥ ಕಾರು ಎಲ್ಲಿಂದ ಬರಬೇಕು? ಜೀಪು, ಅಂಬಾಸಿಡರ್, ಬಿಟ್ಟರೆ ಲಾರಿ. ಮುಂದೆಂದೋ ಎಲ್ಲೋ ಕಂಡ ಕಾರನ್ನು ನಾನೇ ಆ ಮಧ್ಯಾಹ್ನದೊಳಗೆ ತಂದು ಓಡಿಸಿರಬಹುದು. ಆಗಿನಿಂದಲೂ ನಾನು ದಿನಚರಿ ಬರೆಯುತ್ತೇನೆ. ಅದರಲ್ಲಿ ನೋಡಿಕೊಂಡರಾಯಿತಲ್ಲ ಎಂದು ಗೆಳತಿಯರು ಅನ್ನುತ್ತಾರೆ. ಆದರೆ ದಿನಚರಿಯಲ್ಲಿ ಇರುವುದೂ ಆಮೇಲೆ ಕೂತು ಬರೆದ ನೆನಪೇ ತಾನೆ. ನಡೆದದ್ದಕ್ಕೂ ಬರೆದದ್ದಕ್ಕೂ ನಡುವಿನ ಸ್ವಲ್ಪ ಹೊತ್ತಿನಲ್ಲೇ ಮನಸ್ಸು ಎಷ್ಟೋ ಸಾಮಾನನ್ನು ಆಚೀಚೆ ಸರಿಸಿರುತ್ತದೆ.

ಕಾರು ಕೊಂಡದ್ದು ಅದಾಗಿ ಎಷ್ಟೋ ವರ್ಷಕ್ಕೆ. ಕುಷ್ಟಗಿಯಲ್ಲಿ ಕೆಲವು ವರ್ಷ, ಗಂಗಾವತಿಯಲ್ಲಿ ಕೆಲವು ವರ್ಷ ಕಾಲೇಜಿನ ಹುಡುಗರಿಗೆ ಇತಿಹಾಸ ಹೇಳಿಕೊಟ್ಟು, ಕೊಪ್ಪಳಕ್ಕೆ ವರ್ಗವಾಗಿ ಬಂದಿದ್ದೆ. ಅಪ್ಪ ತೀರಿಕೊಂಡಿದ್ದ. ನಾನು ಮದುವೆಯಾಗಿರಲಿಲ್ಲ. ಅಳವಂಡಿ ಕಡೆಯ ಹೊಲವನ್ನು ಪಾಲಿಗೆ ಕೊಟ್ಟು ಅವ್ವ ನನ್ನ ಜೊತೆ ಬಂದು ಇದ್ದಳು. ಹೊಸಪೇಟೆ, ಬಳ್ಳಾರಿ ಕಡೆ ಗಣಿಗಳು ನಿಂತು ಹೋದ ಕಾಲ ಅದು. ಅದಿರಿನ ದುಡ್ಡಿನಿಂದ ಬಂದಿದ್ದ ಕಾರುಗಳು ಒಂದೊಂದಾಗಿ ಮನೆಬಿಟ್ಟು ಹೊರಡುತ್ತಿದ್ದವು. ಅಂಥದೊಂದು ನಮ್ಮ ಮನೆಗೆ ಬಂತು.

ದೊಡ್ಡ ಹೆಸರಿನ ಪರದೇಶದ ಕಂಪನಿ. ಆದರೆ ಆ ಕಂಪನಿ ಮಾಡುವ ಕಾರುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಇದು, ಶ್ರೀಮಂತರ ಮನೆಯ ಹೊಸ್ತಿಲಿನ ಹಾಗೆ. ಅದೂ ಇನ್ನೊಬ್ಬರು ತುಳಿದ ಹೊಸ್ತಿಲು. ಮಾರಿದವನು ಬೀಗದ ಕೈ ಕೊಡುವಾಗ ಕಾರಿನ ನೆತ್ತಿಯ ಮೇಲೆ ಕೈಯಾಡಿಸಿ, "ಮೇಡಂ, ಇದನ್ನ ಓಡಸಬ್ಯಾಡ್ರಿ. ಒಳಗ ಕುಂದರ್ರಿ, ಅದು ತಾನ ಹೊಕ್ಕೈತಿ" ಅಂದಿದ್ದ. ಒಳಗೆ ಅವನ ಅತ್ತರಿನ ವಾಸನೆ ಇತ್ತು. ತೊಗಲಿನ ಆಸನಗಳು ಹಾಲಿನ ಕೆನೆಯ ಬಣ್ಣ. ಚಾವಣಿಯ ಬಟ್ಟೆ ಒಂದು ಮೂಲೆಯಲ್ಲಿ ಜೋತುಬಿದ್ದಿತ್ತು.

ಅವ್ವ ಮೊದಲ ದಿನ ಚಪ್ಪಲಿ ಬಿಚ್ಚಿ ಹೊರಗಿಟ್ಟು ಒಳಗೆ ಕೂತಳು. ಗುಂಡಿಗಳನ್ನೆಲ್ಲ ನೋಡುತ್ತ ಒಂದನ್ನು ಒತ್ತಿದಳು. ಕಾಲಿಗೆ ಬಿಸಿ ಗಾಳಿ ಬಂತು.

"ಇದೇನ ಇದು?"

"ಚಳಿ ಊರಿನವರಿಗವ್ವ."

"ಕೊಪ್ಪಳದಾಗ ಬಿಸಿ ಗಾಳಿ ರೊಕ್ಕ ಕೊಟ್ಟು ತಗೊಂಡಾಕಿ ನೀನ ನೋಡ್ ಮೊದಲನೇದಾಕಿ" ಅಂದಳು.

ನನಗೆ ಓಡಿಸಲು ಕಲಿಸಿದ್ದವನು ಅಪ್ಪ, ಟ್ರ್ಯಾಕ್ಟರಿನ ಮೇಲೆ. ಟ್ರ್ಯಾಕ್ಟರಿನಲ್ಲಿ ನೆಲ ಮೈಯೊಳಗೆ ಏರಿ ಬರುತ್ತದೆ. ಒಂದೊಂದು ಹೆಂಟೆಯೂ ಹಲ್ಲಿಗೆ ತಿಳಿಯುತ್ತದೆ. ಈ ಕಾರಿನಲ್ಲಿ ನೆಲವೇ ಇರಲಿಲ್ಲ. ಬಾಗಿಲು ಹಾಕಿದರೆ ದಪ್ಪನೆಯ ಪುಸ್ತಕ ಮುಚ್ಚಿದಂಥ ಸದ್ದು, ಆಮೇಲೆ ಏನೂ ಇಲ್ಲ. ಭಾನುವಾರ ನಾನೂ ಅವ್ವನೂ ಕೆಲಸವಿಲ್ಲದೆ ಹೊರಡುತ್ತಿದ್ದೆವು. ಗಿಣಿಗೇರಾ ದಾಟುವಾಗ ಕಾರ್ಖಾನೆಯ ಕೊಳವೆಗಳು ಸದ್ದಿಲ್ಲದೆ ಹೊಗೆ ಬಿಡುತ್ತಿದ್ದವು. ಪಾಳಿ ಮುಗಿಸಿ ಹೊರಬಂದವರು ಬಾಯಿ ಆಡಿಸುತ್ತ ನಡೆಯುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ಗಂಗಾವತಿ ಹತ್ತಿರವಾದಂತೆ ಗಾಜಿನೊಳಗೆ ಭತ್ತದ ಗದ್ದೆಯ ಹಸಿರು ಬೆಳಕು ತುಂಬಿಕೊಳ್ಳುತ್ತಿತ್ತು, ಅವ್ವನ ಬಿಳಿ ಕೂದಲೂ ಹಸಿರಾಗುತ್ತಿತ್ತು. ಹೇಮಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಅವ್ವ ಕೂತಲ್ಲಿಂದಲೇ ದುರ್ಗವ್ವನಿಗೆ ಕೈ ಮುಗಿಯುತ್ತಿದ್ದಳು. ಬಾಗಿಲು ತೆರೆದರೆ ತಂಪು ಹೋಗುತ್ತದೆಂದು ಇಳಿಯುತ್ತಿರಲಿಲ್ಲ. "ಆಕಿಗೆ ಕಾಣತೈತಿ ಬಿಡು" ಅನ್ನುತ್ತಿದ್ದಳು.

ಆ ದಿನಗಳಲ್ಲಿ ನಾನು ಸುಖವಾಗಿದ್ದೆನೆ? ಇದ್ದೆ ಅನ್ನಿಸುತ್ತದೆ. ನನ್ನ ಊರು ನನಗೆ ಸದ್ದಿಲ್ಲದೆ ಮೊದಲ ಸಲ ಕಾಣುತ್ತಿತ್ತು, ನೀರಿನ ಅಡಿಯಲ್ಲಿ ಇಟ್ಟ ಹಾಗೆ. ಅದು ಊರನ್ನು ನೋಡುವುದೋ, ಊರಿನಿಂದ ತಪ್ಪಿಸಿಕೊಳ್ಳುವುದೋ ಎಂಬ ಪ್ರಶ್ನೆ ಆಗಲೂ ಬಂದಿತ್ತೋ ಈಗ ಬರೆಯುವಾಗ ಬಂದದ್ದೋ, ಹೇಳಲಾರೆ. ಕಾರಿಗೆ ಒಂದೇ ದೋಷ. ತಳ ನೆಲಕ್ಕೆ ಬಹಳ ಹತ್ತಿರ. ಬೆಳೆದ ಬೆಕ್ಕು ಅದರ ಅಡಿಗೆ ನುಸುಳಲು ಹೊಟ್ಟೆ ಎಳೆದುಕೊಳ್ಳಬೇಕಿತ್ತು.

ನನ್ನ ತಂಗಿಯನ್ನು ಯಲಬುರ್ಗಾ ದಾಟಿ ಒಳಗಿನ ಒಂದು ಹಳ್ಳಿಗೆ ಕೊಟ್ಟಿತ್ತು. ಗಂಡ ಒಕ್ಕಲುತನದವನು, ಮಾತು ಕಡಿಮೆ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಎರಡು ಸಲ ಬಸಿರಾಗಿ ಎರಡು ಸಲವೂ ಇಳಿದುಹೋಗಿತ್ತು. ಎರಡನೆಯದು ಟಂಟಂ ಆಟೊದಲ್ಲಿ ಆಸ್ಪತ್ರೆಗೆ ಬರುವಾಗ, ದಾರಿಯಲ್ಲೇ. ಕುಲುಕಾಟದಿಂದ ಹಾಗಾಗುವುದಿಲ್ಲ ಎಂದು ಡಾಕ್ಟರಮ್ಮ ಎಷ್ಟು ತಿಳಿಸಿ ಹೇಳಿದರೂ ತಂಗಿ ನಂಬಲಿಲ್ಲ. ಅವಳ ಮಟ್ಟಿಗೆ ರಸ್ತೆಯೇ ಆ ಕೂಸನ್ನು ತೆಗೆದುಕೊಂಡಿತ್ತು.

ಮೂರನೆಯ ಬಸಿರು ನಿಂತಿತು. ಐದು ತುಂಬಿತು, ಏಳಕ್ಕೆ ಬಿತ್ತು. ಏಳರಲ್ಲಿ ಬಸುರಿಗೆ ಕುಬಸದ ಶಾಸ್ತ್ರ ಮಾಡಿ ತವರಿಗೆ ಕರೆತರುವುದು ನಮ್ಮಲ್ಲಿ ರೂಢಿ. ಎಂಟರಲ್ಲಿ ಕರೆತರುವಂತಿಲ್ಲ, ಒಂಬತ್ತರವರೆಗೆ ಹಳ್ಳಿಯಲ್ಲಿ ಬಿಡಲು ಡಾಕ್ಟರಮ್ಮ ಒಪ್ಪಲಿಲ್ಲ, ಆಸ್ಪತ್ರೆಗೆ ಹತ್ತಿರ ಇರಲಿ ಅಂದರು. ಆದರೆ ತಂಗಿ ಮನೆಯ ಹೊಸ್ತಿಲು ದಾಟಲು ಒಲ್ಲೆ ಅನ್ನುತ್ತಿದ್ದಳು. ಕಡೆಗೆ ಅವಳೇ ಫೋನು ಮಾಡಿದಳು.

"ಅಕ್ಕಾ, ನಿನ್ನ ಕಾರ್ ತಗೊಂಡು ಬಾ. ಅದರಾಗಾದ್ರ ಬರ್ತೀನಿ. ಬ್ಯಾರೆ ಯಾವುದ್ರಾಗೂ ಒಲ್ಲೆ."

"ಬರ್ತೀನಿ ತಗೋ."

"ಅದರಾಗ ಕುಲುಕೂದಿಲ್ಲಂತ ಅವ್ವ ಹೇಳ್ಯಾಳ. ಖರೇನ?"

"ಖರೇನ ಐತಿ."

ಆಮೇಲೆ, "ಈ ಸಲ ಉಳೀಬೇಕಕ್ಕಾ" ಅಂದಳು.

ಹುರುಳಿ ಒಕ್ಕುವ ಕಾಲ. ಬೆಳಗಿನ ಚಳಿ ಇನ್ನೂ ಹೊಲದ ಮೇಲೆ ಕೂತಿರುವಾಗಲೇ ನಾನೂ ಅವ್ವನೂ ಹೊರಟೆವು. ಹೋಗುವಾಗಿನದು ನನಗೆ ಹೆಚ್ಚು ನೆನಪಿಲ್ಲ. ಕುಬಸದ ಊಟ, ತಂಗಿಯ ಕೈತುಂಬ ಹಸಿರು ಬಳೆ, ಕಾರಿನ ಸುತ್ತ ನೆರೆದ ಓಣಿಯ ಹೆಂಗಸರು, ಇಷ್ಟೇ. ಮಧ್ಯಾಹ್ನ ತಂಗಿಯನ್ನು ಹಿಂದಿನ ಆಸನದಲ್ಲಿ ಎರಡು ಕೌದಿ ಹಾಸಿ ಒರಗಿಸಿದೆವು. ಅವ್ವ ಅವಳ ಪಕ್ಕಕ್ಕೆ ಕೂತಳು. ತಂಗಿಯ ಗಂಡ ಬುತ್ತಿಯ ಗಂಟು, ಬಟ್ಟೆಯ ಚೀಲ ಕಟ್ಟಿಕೊಂಡು ಮೋಟಾರ್‌ಸೈಕಲ್ಲಿನಲ್ಲಿ ಹಿಂದೆ ಹೊರಟ. ಕಾರಿನಲ್ಲಿ ಜಾಗವಿದ್ದರೂ ಬರಲೊಪ್ಪಲಿಲ್ಲ. ನನಗನ್ನಿಸುವಂತೆ ಆ ಕೆನೆಬಣ್ಣದ ಆಸನಕ್ಕೆ ಅವನ ಧೋತರದ ಮಣ್ಣು ತಾಗೀತೆಂದು ಸಂಕೋಚ.

ಯಲಬುರ್ಗಾ ತಲುಪುವವರೆಗಿನ ಊರೂರಿಗೂ ರಸ್ತೆಗೆ ಅಡ್ಡ ದಿಬ್ಬ. ಯಾರ ಅಳತೆಗೂ ಸಿಗದಂತೆ ಊರವರೇ ಹಾಕಿಕೊಂಡವು. ಕೆಲವು ಎತ್ತು ಮಲಗಿದಷ್ಟು ಎತ್ತರ. ದಿಬ್ಬ ಬಂದ ಕೂಡಲೆ ಅವ್ವ ಇಳಿಯುತ್ತಿದ್ದಳು, ಭಾರ ಕಡಿಮೆಯಾಗಲಿ ಎಂದು. ತಂಗಿಯ ಗಂಡ ಮೋಟಾರ್‌ಸೈಕಲ್ ನಿಲ್ಲಿಸಿ, ಓಡಿ ಬಂದು, ರಸ್ತೆಯ ಮೇಲೆ ಕೆನ್ನೆ ಇಟ್ಟು ಕಾರಿನ ಅಡಿ ನೋಡುತ್ತಿದ್ದ. ವರ್ಷವಿಡೀ ಆಡದ ಮಾತನ್ನು ಆ ಮನುಷ್ಯ ಅವತ್ತು ಆಡಿದ.

"ಬರ್ರಿ ಅಕ್ಕಾರ, ಬರ್ರಿ... ಬಲಕ್ಕ ತಿರುವ್ರಿ... ಇನ್ನೊಂದೀಟು... ನಿಂದರ್ರಿ, ನಿಂದರ್ರಿ! ತಳ ತಾಕ್ತು!"

ಹಿಂದಿನ ಆಸನದಲ್ಲಿ ತಂಗಿಯೊಬ್ಬಳೇ ದೇವರ ಪಲ್ಲಕ್ಕಿಯಲ್ಲಿ ಕೂತವಳಂತೆ ಇರುತ್ತಿದ್ದಳು. ಕಾರು ಓರೆಯಾಗಿ, ಒಂದೊಂದೇ ಗಾಲಿ ಎತ್ತಿ ದಾಟುತ್ತಿತ್ತು. ಒಂದೂರಿನ ಚಹಾ ಅಂಗಡಿಯ ಕಟ್ಟೆಯಿಂದ ಒಬ್ಬ ಕೂಗಿದ:

"ಯಾಕ್ರಿ ಅಕ್ಕಾರ, ಕಾರಿಗೂ ಏಳು ತಿಂಗಳೇನು?"

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ದಿಬ್ಬ ಹತ್ತುತ್ತಲೇ ಉತ್ತರ ಕೊಟ್ಟಳು: "ಹೂಂನೋ ತಮ್ಮಾ. ಅದರ ಕುಬಸಕ್ಕ ನೀನೂ ಬಾ, ಹೋಳಿಗಿ ಹಾಕ್ತೀವಿ."

ಯಲಬುರ್ಗಾ ದಾಟಿದ ಮೇಲೆ ದಿಬ್ಬಗಳು ಕಡಿಮೆಯಾಗಿ ತಗ್ಗುಗಳು ಶುರುವಾದವು. ಡಾಂಬರು ಕಿತ್ತು ಹೋದ ದೊಡ್ಡ ತುಂಡು. ನಾನು ನಡಿಗೆಯ ವೇಗದಲ್ಲಿ ಹೋಗುತ್ತಿದ್ದರೂ ಒಂದು ಗಾಲಿ ತಗ್ಗಿಗೆ ಇಳಿದಾಗ ತಂಗಿ ಉಸಿರು ಒಳಗೆಳೆದುಕೊಂಡದ್ದು ಕೇಳಿತು. ಎರಡೂ ಕೈಯಿಂದ ಹೊಟ್ಟೆಯನ್ನು ಹಿಡಿದುಕೊಂಡಿದ್ದಳು, ತುಂಬಿದ ಕೊಡ ಹಿಡಿದ ಹಾಗೆ.

ಆಗ ಮುಂದೆ ಹುರುಳಿ ಕಂಡಿತು.

ನಮ್ಮ ಕಡೆ ಕಣಕ್ಕಿಂತ ರಸ್ತೆಯೇ ಅನುಕೂಲ. ಕಿತ್ತ ಬೆಳೆಯನ್ನು ತಂದು ಡಾಂಬರಿನ ಮೇಲೆ ಹಾಸುತ್ತಾರೆ. ಹೋಗಿ ಬರುವ ಬಸ್ಸು, ಲಾರಿ ತುಳಿದು ಕಾಳು ಬಿಡಿಸುತ್ತವೆ. ಹಾಸಿದ ಬೆಳೆಯ ಮೇಲೆ ಹೋಗುವುದು ದಾರಿಹೋಕರು ಮಾಡುವ ಸಣ್ಣ ಉಪಕಾರ, ತಪ್ಪಿಸಿ ಹೋದರೆ ಸೊಕ್ಕು. ಅದು ಯಾರೂ ಹೇಳಿಕೊಡದೆ ನಮಗೆ ಗೊತ್ತು. ಅಲ್ಲಿ ಒಬ್ಬ ಮುದುಕಿ ಕೊಂಕಿಗೋಲಿನಿಂದ ಹೊರೆಗಳನ್ನು ಹರಡುತ್ತಿದ್ದಳು, ನಾಲ್ಕಾರು ಹೆಂಗಸರು ಅಂಚಿನಲ್ಲಿ ಕೇರುತ್ತಿದ್ದರು. ಮುದುಕಿ ನಮ್ಮ ಕಾರು ನೋಡಿ, ಬರ್ರಿ ಬರ್ರಿ ಎಂಬಂತೆ ಕೈಬೀಸಿದಳು.

ನಾನು ಹತ್ತಿಸಿದೆ. ಉಪಕಾರಕ್ಕಲ್ಲ. ತಗ್ಗುಗಳೆಲ್ಲ ಹುರುಳಿಯ ಕೆಳಗೆ ಮುಚ್ಚಿಹೋಗಿದ್ದವು.

ಆ ಕ್ಷಣವನ್ನು ಹೇಗೆ ಬರೆಯಲಿ? ಕಾರು ನೆಲ ಬಿಟ್ಟಿತು. ಹಾಗೆ ಅನ್ನಿಸಿತು ಅನ್ನಬೇಕು. ಗಾಲಿಯ ಅಡಿಯಲ್ಲಿ ಮೊಳದಷ್ಟು ಮೆತ್ತನೆಯ ಬೆಳೆ. ಕಾರು ತೆಪ್ಪದ ಹಾಗೆ ನಿಧಾನವಾಗಿ ಏರಿ, ನಿಧಾನವಾಗಿ ಇಳಿದು, ಮತ್ತೆ ಏರಿತು. ಒಂದಿಷ್ಟೂ ಕುಲುಕಲಿಲ್ಲ. ಇಳಿಬಿಸಿಲು ಹುರುಳಿಯ ಒಣಗಿದ ಬಳ್ಳಿಯ ಮೇಲೆ ಬಿದ್ದು ರಸ್ತೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಬ್ಬರ ಬೆಳೆ ಮುಗಿದರೆ ಮುಂದೆ ಇನ್ನೊಬ್ಬರದು. ಮುಂದಿನ ತಿರುವಿನವರೆಗೂ ಹಾಸಿದ್ದರು.

"ಅಕ್ಕಾ, ಇದರ ಮ್ಯಾಲೆ ಹೋಗು" ಅಂದಳು ತಂಗಿ ಕಣ್ಣು ಮುಚ್ಚಿಕೊಂಡು. "ಕೊಪ್ಪಳತನಾ ಹಿಂಗ ಇದ್ರ ಏಟ ಛಲೋ."

ಕನ್ನಡಿಯಲ್ಲಿ ನೋಡಿದೆ. ಅವಳ ಕೈಗಳು ಹೊಟ್ಟೆಯನ್ನು ಬಿಟ್ಟು ಪಕ್ಕಕ್ಕೆ ಸರಿದಿದ್ದವು. ಅವಳು ನಿದ್ದೆ ಹೋಗಿದ್ದಳು. ಎಷ್ಟೋ ತಿಂಗಳ ಮೇಲೆ ಹಗಲಿನಲ್ಲಿ ಆ ಮುಖ ಸಡಿಲಾದದ್ದು ಕಂಡೆ.

ಅಷ್ಟರಲ್ಲಿ ಒಳಗೆ ಒಂದು ಘಮ ಬಂತು. ಅವ್ವ ಮೂಗು ಅರಳಿಸಿ, "ಯಾರೋ ಹುರುಳಿ ಹುರ್ಯಾಕತ್ತಾರ" ಅಂದಳು. ಅವಳ ದನಿಯಲ್ಲೂ ನಿದ್ದೆಯಿತ್ತು. "ಬಾಣಂತಿಗೆ ಹುರುಳಿ ಸಾರು ಭಾಳ ಛಲೋ. ಸೊಂಟಕ್ಕ ಬಲ ಬರತೈತಿ."

ಹುರುಳಿ ಮುಗಿದು ಬಯಲು ರಸ್ತೆ ಬಂದಿತ್ತು. ಪಕ್ಕದ ಹೊಲದಲ್ಲಿದ್ದವರು ನಮ್ಮ ಕಡೆ ತಿರುಗಿ ಕೈ ಎತ್ತಿದರು. ಆ ಕಾರನ್ನು ನೋಡಿ ಕೈಬೀಸುವವರು ದಿನಾ ಇರುತ್ತಿದ್ದರು, ನನಗೆ ಹೊಸದಲ್ಲ. ಅವ್ವ ಗಾಜಿನೊಳಗಿನಿಂದಲೇ ಮುಗುಳ್ನಕ್ಕು ಕೈ ಮುಗಿದಳು. ಒಬ್ಬ ತಲೆಯ ರುಮಾಲು ಬಿಚ್ಚಿ ಬೀಸಿದ. ಅವ್ವ ಅವನಿಗೂ ಮುಗಿದಳು. ಕನ್ನಡಿಯಲ್ಲಿ ತಂಗಿಯ ಗಂಡ ಕಂಡ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈ ಮೇಲೆತ್ತಿ ಆಡಿಸುತ್ತ, ಬಾಯಿ ಅಗಲವಾಗಿ ತೆರೆದು ಬರುತ್ತಿದ್ದ. ಅವನ ಹಿಂದೆ ಮಸುಕಾಗಿ ಎದ್ದದ್ದನ್ನು ನಾನು ಧೂಳು ಅಂದುಕೊಂಡೆ.

"ನೋಡ ಅಳಿಯಂದ್ರನ್ನ" ಅಂದಳು ಅವ್ವ, ತಂಗಿಗೆ ಎಚ್ಚರವಾಗದಂತೆ ಮೆಲ್ಲಗೆ. "ಎಂದಾರ ಹಿಂಗ ನಕ್ಕಾರೇನು? ಖುಷಿ ಆಗೈತಿ ಪಾಪ, ಹಾಡಾಕತ್ತಾರ."

ಅವನು ಹಾಡುತ್ತಿರಲಿಲ್ಲ. ನಮ್ಮನ್ನು ದಾಟಿ ಮುಂದೆ ಬಂದು ರಸ್ತೆಗೆ ಅಡ್ಡ ನಿಂತ. ಮೋಟಾರ್‌ಸೈಕಲ್ಲನ್ನು ನೆಲಕ್ಕೆ ಕೆಡವಿ ಓಡಿ ಬಂದು ಗಾಜಿಗೆ ಅಂಗೈಯಿಂದ ಬಡಿದ. ನಾನು ಗಾಜು ಇಳಿಸಿದೆ. ಸದ್ದೆಲ್ಲ ಒಮ್ಮೆಗೇ ಒಳಗೆ ನುಗ್ಗಿತು: ಹೊಲದವರ ಕೂಗು, ಯಾವುದೋ ನಾಯಿ, ಅಡಿಯಲ್ಲಿ ಚಟಚಟ ಸಿಡಿಯುವ ಸದ್ದು, ಅವನ ದನಿ.

"ಬೆಂಕಿ ಅಕ್ಕಾರ! ಬುಡಕ ಬೆಂಕಿ ಹತ್ತೈತಿ! ಇಳೀರಿ, ಆಕಿನ್ನ ಇಳಸ್ರಿ!"

ತಳ ತೀರ ಕೆಳಗಿದ್ದುದರಿಂದ ಹುರುಳಿಯ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಾಗಿ, ಹೊಗೆಯಾಡಿ ಹತ್ತಿಕೊಂಡಿತ್ತು. ಲಾರಿ, ಟ್ರ್ಯಾಕ್ಟರುಗಳು ದಿನಾ ಅದೇ ಬೆಳೆಯ ಮೇಲೆ ಓಡಾಡುತ್ತವೆ, ಅವಕ್ಕೆ ಏನೂ ಆಗುವುದಿಲ್ಲ, ಅವು ಎತ್ತರ. ಇದೆಲ್ಲ ತಿಳಿದದ್ದು ಆಮೇಲೆ. ಆಗ ನನಗೆ ಕಂಡದ್ದು ಹಿಂದಿನ ಬಾಗಿಲಿನ ಬುಡದಲ್ಲಿ ನಾಲಿಗೆ ಚಾಚಿದ ಉರಿ, ಒಳಗೆ ನಿದ್ದೆಗಣ್ಣಿನಿಂದ ಏಳುತ್ತಿದ್ದ ತಂಗಿ.

ಈಚೆ ಬಾಗಿಲಿನಿಂದ ಅವಳನ್ನು ಹೇಗೆ ಇಳಿಸಿದೆವು ಎಂಬುದು ನನಗೆ ನಿಜವಾಗಿಯೂ ಗೊತ್ತಿಲ್ಲ. ಗಂಡ ಎತ್ತಿಕೊಂಡ ಎಂದು ಅವ್ವ ಹೇಳುತ್ತಾಳೆ. ತಾನೇ ಇಳಿದು ನಡೆದೆ ಎಂದು ತಂಗಿ ಹೇಳುತ್ತಾಳೆ. ನನಗೆ ಅವಳ ತೋಳನ್ನು ನಾನು ಹಿಡಿದ ನೆನಪು, ಬಳೆಗಳು ಒಡೆದ ನೆನಪು. ಆದರೆ ಮರುದಿನ ಅವಳ ಕೈಯಲ್ಲಿ ಬಳೆಗಳು ಎಲ್ಲವೂ ಇದ್ದವು.

ಹಿಂದಿನ ಹುರುಳಿಯ ಮುದುಕಿಯೂ ಹೆಂಗಸರೂ ಓಡಿ ಬಂದರು. ಕುಡಿಯಲು ತಂದಿದ್ದ ನೀರಿನಿಂದ ಗೋಣಿ ತೋಯಿಸಿ ಅಡಿಗೆ ತುರುಕಿದರು, ಮಣ್ಣು ಎರಚಿದರು. ಉರಿ ನಂದಿತು, ಕರಿ ಹೊಗೆ ಬಹಳ ಹೊತ್ತು ಏಳುತ್ತಲೇ ಇತ್ತು. ನಾನು ಕಾರಿನ ಕಡೆ ನೋಡಲಿಲ್ಲ.

ರಸ್ತೆಯ ಪಕ್ಕದ ಬೇವಿನ ಬುಡದಲ್ಲಿ ತಂಗಿಯನ್ನು ಕೂರಿಸಿದ್ದರು. ಅವಳ ಮುಖ ಬೆಳ್ಳಗಾಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ನಾನು ಹತ್ತಿರ ಹೋದಾಗ, "ಅಕ್ಕಾ, ಮಿಸುಕವಲ್ತು" ಅಂದಳು.

"ಮಕ್ಕೊಂಡಿರಬೇಕು" ಅಂದೆ.

"ಮಧ್ಯಾಹ್ನ ಊಟದಾಗ ಮಿಸುಕಿತ್ತು. ಈಗ ಮಿಸುಕವಲ್ತು."

ಅವಳ ಗಂಡ ಸ್ವಲ್ಪ ದೂರದಲ್ಲಿ ನಿಂತ. ಹತ್ತಿರ ಬರಲಿಲ್ಲ. ಅವ್ವ ದುರ್ಗವ್ವನನ್ನು ಕರೆಯುತ್ತಿದ್ದಳು, ಈ ಸಲ ದನಿ ತೆಗೆದು. ಮುದುಕಿ ಬಂದು ತಂಗಿಯ ಎದುರು ಕುಕ್ಕರುಗಾಲಲ್ಲಿ ಕೂತಳು. ಮಣ್ಣು, ಮಸಿ ಮೆತ್ತಿದ ಕೈಯನ್ನು ತನ್ನ ಸೀರೆಗೆ ಒರೆಸಿಕೊಂಡು ಹೊಟ್ಟೆಯ ಒಂದು ಬದಿಗೆ ಇಟ್ಟಳು.

"ಎಲ್ಲಾರೂ ಬಾಯಿ ಮುಚ್ರವಾ" ಅಂದಳು. "ಕೂಸು ಅಂಜೈತಿ. ನಾವು ಗದ್ದಲ ಮಾಡಿದ್ರ ಅದು ಯಾಕ ಮಾತಾಡತೈತಿ?"

ಅವ್ವ ಸುಮ್ಮನಾದಳು. ಹೆಂಗಸರು ಸುಮ್ಮನಾದರು. ಅಷ್ಟರಲ್ಲಿ ಬಂದ ಟ್ರ್ಯಾಕ್ಟರಿನವನಿಗೆ ಯಾರೋ ಕೈಸನ್ನೆ ಮಾಡಿದರು, ಅವನೂ ಎಂಜಿನ್ ಆರಿಸಿದ. ಕಾರಿನೊಳಗೆ ನಾನು ಕೇಳಿದ್ದ ಮೌನಕ್ಕೂ ಇದಕ್ಕೂ ಹೋಲಿಕೆಯಿರಲಿಲ್ಲ. ಬೇವಿನ ಎಲೆ ಅಲುಗುವುದು ಕೇಳುತ್ತಿತ್ತು. ಒಣಗಿದ ಹುರುಳಿಕಾಯಿ ಬಿಸಿಲಿಗೆ ತಾನೇ ಟಪ್ ಎಂದು ಬಿರಿಯುವುದು ಕೇಳುತ್ತಿತ್ತು. ದೂರದಲ್ಲಿ ಯಾರೋ ಎತ್ತುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಎಷ್ಟು ಹೊತ್ತು ಹಾಗಿದ್ದೆವೋ. ಬೇವಿನ ನೆರಳು ತಂಗಿಯ ಪಾದದಿಂದ ಸರಿದು ಹೋಗಿತ್ತು ಎಂದು ನೆನಪು. ಆದರೆ ಅದನ್ನೂ ನಾನು ಆಮೇಲೆ ಸೇರಿಸಿಕೊಂಡಿರಬಹುದು.

ತಂಗಿ ತಟ್ಟನೆ ತಲೆ ಎತ್ತಿದಳು.

"ಒದೀತು" ಅಂದಳು.

ಮುದುಕಿ ಕೈ ತೆಗೆಯದೆ ನಕ್ಕಳು. ಬಾಯಲ್ಲಿ ಹಲ್ಲು ಕಡಿಮೆ ಇದ್ದವು. "ನನಗೂ ಒದೀತಲ್ಲ! ಒದಿಸ್ಕೊಳ್ಳಾಕ ನಾ ಏನ ಮಾಡಿದ್ನೆವಾ ನಿನಗ?" ಎಂದು ಹೊಟ್ಟೆಯನ್ನು ಗದರಿಸಿದಳು. ತಂಗಿಯ ಗಂಡ ನಿಂತಲ್ಲೇ ರಸ್ತೆಯ ಮೇಲೆ ಕೂತುಬಿಟ್ಟ, ಮುಖವನ್ನು ಮೊಣಕಾಲಿನ ನಡುವೆ ಇಟ್ಟುಕೊಂಡ.

ಟ್ರ್ಯಾಕ್ಟರಿನವನೇ ನಮ್ಮನ್ನು ಕೊಪ್ಪಳಕ್ಕೆ ತಂದ. ಟ್ರೇಲರಿನಲ್ಲಿ ಹೆಂಗಸರು ಹುರುಳಿಯ ಹೊಟ್ಟು ಸೊಂಟದೆತ್ತರ ತುಂಬಿ, ಮೇಲೆ ನಮ್ಮ ಕೌದಿ ಹಾಸಿದರು. ತಂಗಿ ಅದರಲ್ಲಿ ಹುದುಗಿ ಆಕಾಶ ನೋಡುತ್ತ ಮಲಗಿದಳು. ಕಾರಿನಲ್ಲಿ ಒಂದು ಗಾಲಿ ತಗ್ಗಿಗೆ ಇಳಿದರೆ ಉಸಿರು ಹಿಡಿಯುತ್ತಿದ್ದವಳು ಇಲ್ಲಿ ಪ್ರತಿ ಕುಲುಕಿಗೂ ಹೊಟ್ಟಿನೊಳಗೆ ಇನ್ನಷ್ಟು ಇಳಿಯುತ್ತ, "ಅಕ್ಕಾ, ಮತ್ತ ಒದೀತು" ಅನ್ನುತ್ತಿದ್ದಳು. ನನ್ನ ಕೈಯೆಳೆದು ತನ್ನ ಹೊಟ್ಟೆಯ ಮೇಲೆ ಇಟ್ಟಳು. ಒಳಗಿನಿಂದ ಯಾರೋ ಮೊಣಕಾಲೋ ಮೊಣಕೈಯೋ ತಿರುಗಿಸಿ ಮಲಗಿದಂತೆ ನನ್ನ ಅಂಗೈಯನ್ನು ದಾಟಿ ಹೋಯಿತು. ಡಾಕ್ಟರಮ್ಮ ನೋಡಿ, ಏನೂ ಆಗಿಲ್ಲ ಅಂದರು. ಆದರೂ ತಿಂಗಳು ತುಂಬುವವರೆಗೆ ಅವ್ವ ತಂಗಿಯನ್ನು ತಲಬಾಗಿಲು ದಾಟಿಸಲಿಲ್ಲ.

ಹೆಣ್ಣು ಕೂಸು. ಬೇಸಿಗೆ ಏರುವ ಹೊತ್ತಿಗೆ ಹುಟ್ಟಿತು.

ಕಾರನ್ನು ಹುಬ್ಬಳ್ಳಿಗೆ ಸಾಗಿಸಿ, ಅಡಿಯ ಸುಟ್ಟ ಭಾಗಗಳನ್ನೆಲ್ಲ ಬದಲಿಸಿ ತರುವಷ್ಟರಲ್ಲಿ ಮಳೆಗಾಲ ಬಂದಿತ್ತು. ಮಾರಿಬಿಡು ಅಂದವರೇ ಹೆಚ್ಚು. ಯಾಕೆ ಮಾರಲಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡದ್ದುಂಟು. ತಂಗಿ ನಿದ್ದೆ ಹೋದ ಆ ಸ್ವಲ್ಪ ಹೊತ್ತನ್ನು ಅದಕ್ಕೆ ಜಮಾ ಹಿಡಿದೆನೋ ಏನೋ. ಒಳಗಿನ ಅತ್ತರಿನ ವಾಸನೆ ಹೋಗಿ ಸುಟ್ಟ ಹುರುಳಿಯ ವಾಸನೆ ನಿಂತಿತ್ತು.

ಐದನೆಯ ತಿಂಗಳಿಗೆ ತಂಗಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸಬೇಕಿತ್ತು. ಅವ್ವ ಬಾಡಿಗೆ ಜೀಪು ಗೊತ್ತು ಮಾಡಿದ್ದಳು. ತಂಗಿ ಒಲ್ಲೆ ಅಂದಳು.

"ಅಕ್ಕನ ಕಾರಾಗ ಹೋಗ್ತೀನಿ."

"ಹುಚ್ಚಿ ಅದೀ ಏನ? ಅದರಾಗ ಸಾಯ್ತಿದ್ದಿ!"

"ಸತ್ನೇನು? ನಿನ್ನ ಮೊಮ್ಮಗಳೂ ಸಾಯಲಿಲ್ಲ. ಗಾಜ್ ಇಳಿಸ್ಕೊಂಡು ಹೊಂಟ್ರಾತು."

ನಾಲ್ಕೂ ಗಾಜು ಇಳಿಸಿಕೊಂಡು ಹೊರಟೆವು. ಸದ್ದು, ಧೂಳು, ಸಗಣಿಯ ವಾಸನೆ ಎಲ್ಲ ಒಳಗೆ. ಕೂಸು ದಾರಿಯುದ್ದಕ್ಕೂ ಗಾಳಿಗೆ ಬಾಯಿ ತೆರೆದು ಕಿರಿಚುತ್ತಿತ್ತು, ಅವ್ವ ಅದಕ್ಕಿಂತ ಜೋರಾಗಿ ಜೋಗುಳ ಹೇಳುತ್ತಿದ್ದಳು. ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಆ ಬೇವಿನ ಮರದ ಹತ್ತಿರ ಬರುವಾಗ ರಸ್ತೆಯ ಮೇಲೆ ಈಗ ಹೆಸರಿನ ಬೆಳೆ ಹಾಸಿತ್ತು. ಅಂಚಿನಲ್ಲಿ ಅದೇ ಮುದುಕಿ.

ನಿಲ್ಲಿಸಿ ಇಳಿದೆವು. ತಂಗಿ ಕೂಸನ್ನು ಅವಳ ಮಡಿಲಿಗೆ ಹಾಕಿ, ತಂದಿದ್ದ ಸೀರೆ, ಹೋಳಿಗೆ ಮುಂದಿಟ್ಟಳು. ಮುದುಕಿ ಕೂಸನ್ನು ಎತ್ತಿ ತಿರುಗಿಸಿ ನೋಡಿದಳು.

"ಛಲೋ ಐತಿ. ಯಾರ ಪೈಕಿಯವ್ವ ನೀವು?"

"ಯಮ್ಮಾ, ನಾವು. ಕಾರಿಗೆ ಬೆಂಕಿ ಹತ್ತಿತ್ತಲ್ಲ? ನೀ ನನ್ನ ಹೊಟ್ಟಿ ಮ್ಯಾಲೆ ಕೈ ಇಟ್ಟಿದ್ದಿ."

ಮುದುಕಿ ಬಹಳ ಯೋಚಿಸಿದಳು. "ಬೆಂಕಿ ಹತ್ತಿತ್ತು, ಹೌದು. ಅದು ಲಾರಿ ಅಲ್ಲೇನು? ಗಂಡಸರು ಇದ್ರು. ಹೊಟ್ಟಿನ ಲಾರಿ" ಅಂದಳು. ತಂಗಿ ಎಷ್ಟು ನೆನಪಿಸಿದರೂ ಅವಳು ನಮ್ಮ ಮೇಲಿನ ಕರುಣೆಯಿಂದ ಹೂಂಗುಟ್ಟಿದಳೇ ಹೊರತು ಅವಳ ಕಣ್ಣಿನಲ್ಲಿ ನಾವು ಇರಲಿಲ್ಲ. ಹಾಗಾದರೆ ಆ ಕೈ ಯಾರದು? ಆದರೆ ಮಾತಿನ ನಡುವೆಯೇ ಅವಳು ಎದ್ದು, ಮೊರದಲ್ಲಿ ಹಸನು ಮಾಡಿದ ಹೆಸರು ತಂದು, "ಬಾಣಂತಿ ಬರೇ ಉಡಿಲೆ ಹೋಗಬಾರ್ದು. ಅಕ್ಕಿ ಇಲ್ಲವ್ವ, ಇದ ಐತಿ" ಎಂದು ತಂಗಿಯ ಸೆರಗಿಗೆ ಬೊಗಸೆ ಬೊಗಸೆ ಹಾಕಿದಳು. ಕೂಸಿನ ಹಣೆಗೆ ತನ್ನ ಬೆರಳಿನ ಮಣ್ಣನ್ನೇ ಹಚ್ಚಿದಳು.

ಕಾರು ಹತ್ತುವಾಗ ರಸ್ತೆಯ ಕಡೆ ಕೈ ತೋರಿಸಿ, "ಹೋಗುಮುಂದ ಇದರ ಮ್ಯಾಲ ತುಳಿಸಿ ಹೋಗ್ರಿ. ಮುಂಜಾನಿಂದ ಒಂದು ಬಸ್ಸೂ ಬಂದಿಲ್ಲ" ಅಂದಳು.

ನಾನು ಕನ್ನಡಿಯಲ್ಲಿ ತಂಗಿಯನ್ನು ನೋಡಿದೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು, ಬ್ಯಾಡ ಎಂಬಂತೆ ತಲೆಯಾಡಿಸಿದಳು. ನಾನು ಎಡಗಡೆಯ ಎರಡೂ ಗಾಲಿಗಳನ್ನು ಡಾಂಬರಿನಿಂದ ಕೆಳಗಿಳಿಸಿ, ಕರಿಮಣ್ಣಿನ ಕೆಸರಿನಲ್ಲಿ ಜಾರುತ್ತ, ಬೆಳೆಯ ಒಂದು ಎಳೆಯೂ ತಾಗದಂತೆ ಅಂಚು ಹಿಡಿದು ಹೊರಟೆ. ಕಾರು ವಾಲಿತು. ಅವ್ವನ ತಲೆ ಬಾಗಿಲಿಗೆ ಬಡಿಯಿತು. ಕೂಸು ಇನ್ನೂ ಜೋರಾಗಿ ಅತ್ತಿತು.

ಹಿಂದಿನಿಂದ ಮುದುಕಿಯ ದನಿ ತೆರೆದ ಗಾಜುಗಳಲ್ಲೆಲ್ಲ ಒಳಗೆ ಬಂತು.

"ನೋಡ್ರೆವಾ, ಕಾರಿನಾಕಿ ಸೊಕ್ಕು ನೋಡ್ರಿ! ಉಡಿ ತುಂಬಿಸ್ಕೊಂಡ್ಳು, ಒಂದ್ ಸುತ್ತು ತುಳಿಸಿ ಹೋಗಾಕ ಏನಾಗಿತ್ತು ಈಕಿಗೆ?"